ಕಾಂಪೌಂಡಿನ ಆಚೆಯ ಬಾವಿ

(ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರು ಆಡಿದ ಮಾತುಗಳ ಬರಹರೂಪ)

 

ಪೂಜ್ಯರು ನನಗೆ ಕೊಟ್ಟ ವಿಷಯ ‘ಎಂಜಿನಿಯರನ ಕಾಯಕ’. ಮೂವತ್ತನಾಲ್ಕು ವರ್ಷ ಸರಕಾರದ ಸಂಬಳ ಉಂಡವನು, ಕಟ್ಟಿದ ರಸ್ತೆ ಸೇತುವೆಗಳ ಲೆಕ್ಕ ಹೇಳಿಯಾನು ಎಂದು ನೀವು ಕುಳಿತಿರಬಹುದು. ಆ ಲೆಕ್ಕವನ್ನು ಆಡಿಟ್‌ನವರು ಆಗಲೇ ನೋಡಿ ಮುಗಿಸಿದ್ದಾರೆ. ನಾನು ಇವತ್ತು ಹೇಳಬೇಕೆಂದು ಬಂದದ್ದು ಮಣಿಪಾಲದಲ್ಲಿ ನಾವಿರುವ ಓಣಿಯ ಸಂಗತಿ. ಏಳು ಮನೆ, ಮೂರು ಬಾವಿ, ಅಷ್ಟೇ ಆ ಓಣಿ. ಹದಿನೈದು ವರ್ಷ ಅಲ್ಲಿ ಇದ್ದೂ ನನಗೆ ತಿಳಿಯದಿದ್ದದ್ದು ಹೋದ ವರ್ಷ ತಿಳಿಯಿತು. ಅದನ್ನು ಬೇರೆ ಕಡೆ ಹೇಳಲು ನಾಲಿಗೆ ಏಳಲಿಲ್ಲ. ಇಲ್ಲಿ ನಮ್ಮವರ ಮುಂದೆ ಹೇಳಿಬಿಡುತ್ತೇನೆ.

ನಾನು ಇದೇ ಹುನಗುಂದ ಸೀಮೆಯವನು. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದಿದೆ. ಮಳೆ ಬಂದರೆ ಊರೇ ಹೊರಗೆ ಬಂದು ನಿಂತು ನೋಡುವ ನಾಡಿನಿಂದ, ಮಳೆ ಯಾವಾಗ ನಿಂತೀತು ಎಂದು ಕಾಯುವ ನಾಡಿಗೆ ವರ್ಗವಾಗಿ ಹೋದೆ. ನಮ್ಮಲ್ಲಿ ವರ್ಷಕ್ಕೆ ಆರುನೂರು ಮಿಲಿಮೀಟರ್ ಬಿದ್ದರೆ ಹಬ್ಬ. ಉಡುಪಿಯಲ್ಲಿ ಸುಮಾರು ನಾಲ್ಕು ಸಾವಿರ. ಆದರೂ ಏಪ್ರಿಲ್ ಮೇ ಬಂತೆಂದರೆ ಅಲ್ಲಿಯೂ ಟ್ಯಾಂಕರ್ ಓಡಾಡುತ್ತದೆ. ಸ್ವರ್ಣಾ ನದಿಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ ಉಡುಪಿ, ಮಣಿಪಾಲಕ್ಕೆ ನಲ್ಲಿ ನೀರು ಬರುತ್ತದೆ. ಹೊಳೆ ಬತ್ತಿದರೆ ನಲ್ಲಿಯೂ ಬತ್ತಿತು. 2019ರ ಬೇಸಿಗೆಯಲ್ಲಿ ಜನ ಅದನ್ನು ಚೆನ್ನಾಗಿ ಅನುಭವಿಸಿದರು.

2008ರಲ್ಲಿ ನಾನು ಮಣಿಪಾಲದಿಂದ ಇಂದ್ರಾಳಿಯ ಕಡೆ ಇಳಿಯುವ ಇಳಿಜಾರಿನಲ್ಲಿ ಮನೆ ಕಟ್ಟಿದೆ. ಆ ನೆಲದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆಯ ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿಯದು ಮುರಕಲ್ಲು. 1800-01ರಲ್ಲಿ ಕನ್ನಡ ಜಿಲ್ಲೆಗಳಲ್ಲೂ ಮಲಬಾರಿನಲ್ಲೂ ತಿರುಗಾಡಿದ ಬುಕನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ಜನ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡು, ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಕಡಿಯುವಾಗ ಮೃದು, ಗಾಳಿಗೆ ಬಿದ್ದು ಒಣಗಿದರೆ ಗಟ್ಟಿ. ಆದರೆ ಮೈಯೆಲ್ಲ ತೂತು. ಗೆದ್ದಲು ಹುತ್ತ ಒಡೆದರೆ ಹೇಗೆ ಕಾಣುತ್ತದೋ ಹಾಗೆ. ಮಳೆನೀರು ಆ ತೂತುಗಳಲ್ಲಿ ಸರಸರ ಇಳಿದುಹೋಗುತ್ತದೆ. ಹತ್ತು ಹನ್ನೆರಡು ಮೀಟರ್ ಕೆಳಗೆ ಶೇಡಿಮಣ್ಣು ಎಂಬ ನುಣುಪಾದ ಬಿಳಿ ಜೇಡಿ ಸಿಗುತ್ತದೆ. ಅದರೊಳಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಹಾಗಾಗಿ ಶೇಡಿಯ ಮೇಲೆ ನಿಂತು, ಇಳಿಜಾರು ಯಾವ ಕಡೆ ಇದೆಯೋ ಆ ಕಡೆಗೆ ಅಡ್ಡಡ್ಡ ಹರಿಯುತ್ತದೆ. ಅಲ್ಲಿಯ ಬಾವಿಗಳಿಗೆ ಆ ಅಡ್ಡ ಹರಿವೇ ಜೀವಾಳ. ಇದು ಪುಸ್ತಕದ ಮಾತು. ಪರೀಕ್ಷೆಯಲ್ಲಿ ಕೇಳಿದ್ದರೆ ನಾನು ಪೂರ್ತಿ ಅಂಕ ತೆಗೆಯುತ್ತಿದ್ದೆ.

2017ರಲ್ಲಿ ನಿವೃತ್ತನಾದೆ. ಅಲ್ಲಿಯವರೆಗೆ ಆ ಓಣಿ ನನಗೆ ಜೀಪು ನಿಲ್ಲಿಸುವ ಜಾಗ, ಅಷ್ಟೇ. ಆಮೇಲೆ ಕಣ್ಣು ಬಿಟ್ಟೆ ಅನ್ನಬಹುದು. ಬೆಳಿಗ್ಗೆ ಎಂಟಕ್ಕೆ ಮೀನು ಮಾರುವವನ ಸ್ಕೂಟರ್ ಹಾರನ್ನು. ನಾವು ಮೀನು ತಿನ್ನುವವರಲ್ಲ ಎಂದು ಗೊತ್ತಿದ್ದರಿಂದ ಅವನು ನಮ್ಮ ಗೇಟಿನ ಮುಂದೆ ಹಾರನ್ ಒತ್ತುತ್ತಿರಲಿಲ್ಲ. ಹತ್ತು ವರ್ಷದಿಂದ ಅವನು ಈ ಮರ್ಯಾದೆ ಕೊಡುತ್ತಿದ್ದನಂತೆ, ನನಗೆ ಗೊತ್ತೇ ಇರಲಿಲ್ಲ. ಮೇಲಿನ ಮನೆಯ ಹೆಣ್ಣುಮಗಳು ಶಂಕರಪುರ ಮಲ್ಲಿಗೆ ಕಟ್ಟುತ್ತಿದ್ದಳು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಮೂರು ಸಾವಿರದ ಇನ್ನೂರು ಮೊಗ್ಗು, ಬಾಳೆನಾರಿನಲ್ಲಿ, ಬೆಳಗಿನ ಬಸ್ಸಿಗೆ ಮೊದಲು. ಜೀವನವಿಡೀ ಅಳತೆ ಪುಸ್ತಕ ಬರೆದ ನನಗೆ ಇಂಥ ಅಳತೆಯೊಂದು ಲೋಕದಲ್ಲಿದೆ ಎಂದು ಅಲ್ಲಿ ತಿಳಿಯಿತು.

ನಮ್ಮ ಮನೆಯ ಕೆಳಗಿನ ಮನೆ ಅಕ್ಕನದು. ಎಪ್ಪತ್ತು ದಾಟಿದವರು, ಮನೆಮಾತು ತುಳು. ನಾನು ಅಕ್ಕ ಎನ್ನುತ್ತೇನೆ, ಅವರು ನನಗೆ ‘ಇಂಜಿನಿಯರ್ರೆ’ ಎನ್ನುತ್ತಾರೆ. ಗಂಡ ತೀರಿಕೊಂಡಿದ್ದಾರೆ, ಮಗಳು ಮುಂಬೈಯಲ್ಲಿ. ಅವರ ಅಂಗಳದಲ್ಲಿ ನಮ್ಮ ಮನೆಗಿಂತ ನಲವತ್ತು ವರ್ಷ ಹಳೆಯ ಬಾವಿ. ರಾಟೆಯ ಕಿರುಗುಟ್ಟುವ ಸದ್ದು ಕೇಳಿಯೇ ನಮ್ಮ ಮನೆಯಲ್ಲಿ ಬೆಳಗಾಗುತ್ತಿತ್ತು.

ಅಕ್ಕನ ತವರು ಎಲ್ಲೂರು. ಕಾಪು ತಾಲೂಕಿನ ಹಳ್ಳಿ. ಅಲ್ಲಿಯ ವಿಶ್ವೇಶ್ವರ ದೇವಸ್ಥಾನದಲ್ಲಿ ಸೀಯಾಳದ ಅಭಿಷೇಕ ಹೆಸರುವಾಸಿ. ನಾವು ಎಳನೀರು ಅನ್ನುವುದಕ್ಕೆ ಅವರು ಸೀಯಾಳ ಅನ್ನುತ್ತಾರೆ. 2023ರ ಮೇ ತಿಂಗಳಲ್ಲಿ ಅವರ ಒಂದು ಹರಕೆ ಬಾಕಿ ಇತ್ತು. ಬಸ್ಸಿನಲ್ಲಿ ಬೇಡವೆಂದು ನಾನೂ ನಮ್ಮ ಮನೆಯವರೂ ಕಾರಿನಲ್ಲಿ ಕರೆದುಕೊಂಡು ಹೋದೆವು. ನಾನು ಇಷ್ಟಲಿಂಗಧಾರಿ, ಗುಡಿಯೊಳಗೆ ಹೋಗುವ ರೂಢಿ ನನಗಿಲ್ಲ. ಅಂಗಳದಲ್ಲಿ ಸೀಯಾಳದ ರಾಶಿ ನೋಡುತ್ತ ನಿಂತೆ. ಆಮೇಲೆ ಅಕ್ಕನ ತಮ್ಮನ ಮನೆಯಲ್ಲಿ ಊಟ.

ಎಲ್ಲೂರು ಎಂದರೆ ಈಗ ಹೊರಗಿನವರಿಗೆ ನೆನಪಾಗುವುದು ಅಲ್ಲಿಯ ಉಷ್ಣವಿದ್ಯುತ್ ಸ್ಥಾವರ. 600 ಮೆಗಾವಾಟಿನ ಎರಡು ಘಟಕ, ಹೊರದೇಶದ ಕಲ್ಲಿದ್ದಲು, ತಂಪು ಮಾಡಲು ಕೊಳವೆಯಲ್ಲಿ ಸಮುದ್ರದ ನೀರು. ಗಾಳಿಗೆ, ಬೆಳೆಗೆ, ಬಾವಿಗೆ ಹಾನಿಯಾಗಿದೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ, 2022ರಲ್ಲಿ ಕಂಪನಿ ಕೋಟಿಗಟ್ಟಲೆ ಪರಿಹಾರ ಕಟ್ಟಬೇಕೆಂದು ಆದೇಶವಾಗಿತ್ತು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ನಾನು ಆ ಚಿಮಣಿಯ ಕಡೆ ಬೆರಳು ತೋರಿಸಿ ಮುಕ್ಕಾಲು ಗಂಟೆ ಮಾತಾಡಿದೆ. ನೆಲದೊಳಗೆ ನೀರು ಹೇಗೆ ಹರಿಯುತ್ತದೆ, ಮೇಲಿನವನು ಚೆಲ್ಲಿದ್ದು ಕೆಳಗಿನವನ ಬಾವಿಗೆ ಹೇಗೆ ಬರುತ್ತದೆ, ಕಾಗದದ ಮೇಲೆ ಚಿತ್ರ ಬಿಡಿಸಿ ವಿವರಿಸಿದೆ. ಒಬ್ಬನ ಅನುಕೂಲಕ್ಕೆ ಇನ್ನೊಬ್ಬನ ಬಾವಿ ಕೆಡಬಾರದು ಎಂದೂ ಹೇಳಿದೆ. ಅಕ್ಕನ ತಮ್ಮ ತಲೆದೂಗಿದರು. ಅಕ್ಕ ಬಾಗಿಲಿಗೆ ಒರಗಿ ಕೇಳುತ್ತಿದ್ದರು, ಏನೂ ಅನ್ನಲಿಲ್ಲ.

ಉಚ್ಚಿಲದಲ್ಲಿ ಹೆದ್ದಾರಿಗೆ ಬಂದೆವು. ಆ ಬೇಸಿಗೆಯಲ್ಲಿ ನಮಗೆ ನಲ್ಲಿ ನೀರು ದಿನ ಬಿಟ್ಟು ದಿನ. ನಮ್ಮ ಮನೆಯವರು ಹಿಂದಿನ ಸೀಟಿನಲ್ಲಿ, “ಅಕ್ಕಾ, ನಾಳೆಯಿಂದ ಕುಡಿಯೋಕೆ ನಿಮ್ಮ ಬಾವಿಯಿಂದ ಎರಡು ಕೊಡ ನೀರು ಒಯ್ಯಲೇನ್ರಿ?” ಎಂದು ಕೇಳಿದರು. ಅಕ್ಕ ಮಾತಾಡಲಿಲ್ಲ. ಕಾಪು ದಾಟಿತು. ಕಟಪಾಡಿ ಹತ್ತಿರ ಬಂದಾಗ ಮೆಲ್ಲಗೆ ಹೇಳಿದರು: “ಪಾತ್ರೆ ತೊಳೆಯಲಿಕ್ಕೆ ಕೊಂಡುಹೋಗಿ. ಕುಡಿಯಲಿಕ್ಕೆ ಬೇಡ. ಹತ್ತು ವರ್ಷ ಆಯ್ತು, ನಾನೇ ಕುಡಿಯುದಿಲ್ಲ.”

“ಯಾಕೆ ಅಕ್ಕ?” ಎಂದೆ.

“ಮಳೆಗಾಲದಲ್ಲಿ ಒಂದು ವಾಸನೆ ಬರ್ತದೆ ಇಂಜಿನಿಯರ್ರೆ. ನಿಮಗೆ ಹೇಳುದು ಹೇಗೆ ಅಂತ ಸುಮ್ಮನಿದ್ದೆ.”

ಅವರು ‘ನಿಮಗೆ’ ಎಂದದ್ದು ನನಗೆ ಕೇಳಿಸಿತು. ಕಾರು ಓಡಿಸುತ್ತಲೇ ಇದ್ದೆ. ಮನೆಗೆ ಬಂದವನು ಬಟ್ಟೆ ಸಹ ಬದಲಿಸದೆ ಟೇಪು ತೆಗೆದುಕೊಂಡು ಹೊರಗೆ ಹೋದೆ. ನಮ್ಮ ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ ನಮ್ಮ ಕೆಳಗಿನ ಕಾಂಪೌಂಡಿಗೆ ಅಂಟಿಕೊಂಡಂತಿದೆ. ಕಾಂಪೌಂಡಿನ ಆಚೆ ಅಕ್ಕನ ಬಾವಿ. ಗುಂಡಿಯಿಂದ ಬಾವಿಗೆ 11 ಮೀಟರ್. ಐ.ಎಸ್. 2470 ಎಂಬ ನಮ್ಮ ಮಾನಕದಲ್ಲಿ ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ಕನಿಷ್ಠ 18 ಮೀಟರ್ ಅಂತರ ಇರಬೇಕೆಂದಿದೆ. ತೂತುಗಲ್ಲಿನ ಇಳಿಜಾರಿನಲ್ಲಿ ಹದಿನೆಂಟೂ ಸಾಲದು ಎನ್ನುವುದು ನನ್ನ ಅಭಿಪ್ರಾಯ. ಮನೆಯ ನಕ್ಷೆ ಬರೆದವನು ನಾನೇ. ಕಪಾಟಿನಿಂದ ತೆಗೆದು ನೋಡಿದೆ. ಅದರಲ್ಲಿ ಪೋರ್ಟಿಕೋದ ಕಂಬದ ಅಳತೆ ಮಿಲಿಮೀಟರಿನವರೆಗೆ ಇದೆ. ಅಕ್ಕನ ಬಾವಿ ಇಲ್ಲ. ನನ್ನ ನಕ್ಷೆ ಕಾಂಪೌಂಡಿನಲ್ಲಿ ಮುಗಿದಿತ್ತು.

ನನಗೆ ತಿಳಿಯದೇ ಹೋದದ್ದಕ್ಕೆ ಇನ್ನೂ ಒಂದು ಕಾರಣವಿತ್ತು. ನಾವು ಬಾವಿ ತೋಡಿಸಲೇ ಇಲ್ಲ. ನಮಗೆ ನಲ್ಲಿ ಇತ್ತು, ನಲ್ಲಿಯ ಮೇಲೆ ಶುದ್ಧೀಕರಣದ ಯಂತ್ರವೂ ಇತ್ತು.

ಮರುದಿನ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಚಿಕ್ಕ ಬಾಟಲಿಗಳನ್ನು ತಂದೆ. ನಿಮ್ಮ ಪಂಚಾಯಿತಿಯಲ್ಲಿಯೂ ನೀರಿನ ಪರೀಕ್ಷೆಗೆ ಇವು ಇರುತ್ತವೆ, ಕೇಳಿ ನೋಡಿ. ಬಾಟಲಿಯೊಳಗೆ ಔಷಧ ಹಚ್ಚಿದ ಕಾಗದದ ಪಟ್ಟಿ. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬಿಸಿಲಿಲ್ಲದ ಕಡೆ ಒಂದೆರಡು ದಿನ ಇಡಬೇಕು. ಕಪ್ಪಾದರೆ ನೀರಿಗೆ ಮಲದ ಸೋಂಕು ಇದೆಯೆಂದು ತಿಳಿಯಬೇಕು. ಕುಡಿಯುವ ನೀರಿನ ಮಾನಕದ ಪ್ರಕಾರ 100 ಮಿಲಿಲೀಟರಿನಲ್ಲಿ ಇ-ಕೋಲಿ ಎಂಬ ಕ್ರಿಮಿ ಒಂದೂ ಇರಬಾರದು. ಅಕ್ಕನ ಬಾವಿಯ ನೀರನ್ನು ಒಂದು ಬಾಟಲಿಯಲ್ಲಿ, ನಮ್ಮ ನಲ್ಲಿಯದನ್ನು ಇನ್ನೊಂದರಲ್ಲಿ ತುಂಬಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿಟ್ಟೆ. ಒಂದು ದಿನ ಮುಗಿಯುವ ಮೊದಲೇ ಅಕ್ಕನ ಬಾಟಲಿ ಶಾಯಿಯಂತಾಗಿತ್ತು.

ಅದು ನಮ್ಮ ಗುಂಡಿಯದೇ ಎಂದು ಹೇಗೆ ಹೇಳುವುದು, ಮೇಲೆ ಇನ್ನೂ ಎರಡು ಮನೆಗಳಿವೆಯಲ್ಲ, ಎಂದು ನನ್ನ ಮನಸ್ಸು ಮೊದಲು ವಕೀಲಿಕೆಗೆ ಇಳಿಯಿತು. ಅದನ್ನೂ ನಿಮ್ಮೆದುರು ಒಪ್ಪಿಕೊಳ್ಳಬೇಕು. ಮಳೆ ಹಿಡಿದ ಮೇಲೆ, ಅಕ್ಕನಿಗೆ ಹೇಳಿ, ಅವರ ಮನೆಗೆ ನಮ್ಮ ನಲ್ಲಿಯಿಂದ ಪೈಪು ಎಳೆದು ಕೊಟ್ಟು, ನಮ್ಮ ಶೌಚದಲ್ಲಿ ಫ್ಲೋರೆಸಿನ್ ಬಣ್ಣ ಸುರಿದೆ. ಸೋರಿಕೆ ಹುಡುಕಲು ನಾವು ಬಳಸುವ ಹಸಿರು ಬಣ್ಣ. ಮರುದಿನ ಬೆಳಿಗ್ಗೆ ಆರಕ್ಕೆ ಅಕ್ಕ ಗೇಟಿನ ಹತ್ತಿರ ಬಂದು ನಿಂತಿದ್ದರು. ಕೈಯಲ್ಲಿ ಸ್ಟೀಲಿನ ಚೆಂಬು. ನೀರು ಎಳೆಯ ಗರಿಕೆಯ ಬಣ್ಣಕ್ಕೆ ತಿರುಗಿತ್ತು. “ನೋಡಿ” ಎಂದರು, ಅಷ್ಟೇ. ಎಲ್ಲೂರಿನ ಜಗಲಿಯಲ್ಲಿ ನಾನು ಬಿಡಿಸಿದ ಚಿತ್ರ ನೆನಪಾಯಿತು.

ಗುಂಡಿ ಮುಚ್ಚುವುದೆಂದು ಆಯಿತು. ಮೊದಲು ಟ್ಯಾಂಕು ಖಾಲಿ ಮಾಡಿಸಬೇಕು. ಆಗ ಅಕ್ಕ ಕೇಳಿದ ಮಾತು ಹಸಿರು ನೀರಿಗಿಂತ ಹೆಚ್ಚು ನನ್ನನ್ನು ಕೂರಿಸಿಬಿಟ್ಟಿತು.

“ಈ ಸಲವೂ ಆ ಹುಡುಗನನ್ನು ಇಳಿಸುದಾ?”

“ಯಾವ ಹುಡುಗ ಅಕ್ಕ?”

“ನೀವು ಇರ್ಲಿಲ್ಲ ಮಾರಾಯ್ರೆ, ಮಗನ ಮದುವೆ ಮಾತಿಗೆ ಬೆಂಗಳೂರಿಗೆ ಹೋಗಿದ್ರಿ. ಕಂತ್ರಾಟುದಾರ ಇಬ್ಬರನ್ನು ಕರ್ಕೊಂಡು ಬಂದಿದ್ದ. ಒಬ್ಬ ಮೇಲೆ, ಒಬ್ಬ ಒಳಗೆ. ಬಕೆಟು ಹಗ್ಗ. ಸಂಜೆ ನಮ್ಮ ಅಂಗಳಕ್ಕೆ ಬಂದು ಸ್ನಾನಕ್ಕೆ ನೀರು ಕೇಳಿದ. ನಿಮ್ಮ ಕಡೆಯವನೇ, ನಿಮ್ಮ ಮನೆಯವರು ಮಾತಾಡಿದ ಹಾಗೆಯೇ ಮಾತಾಡ್ತಿದ್ದ. ‘ಅಕ್ಕಾರ, ಒಂದ್ ಬಕೀಟ ನೀರ ಕೊಡ್ರಿ’ ಅಂತ. ನಾನೇ ನಾಲ್ಕು ಕೊಡಪಾನ ಸೇದಿ ಹೊಯ್ದೆ. ಚಾ ಕೊಟ್ಟೆ. ಲೋಟ ಮುಟ್ಟಲಿಕ್ಕೆ ಹೆದರ್ತಿದ್ದ.”

ನಾನು ಹಳೆಯ ಫೈಲು ತೆಗೆದೆ. ಸರಕಾರಿ ಚಾಳಿ, ಮನೆಯ ಖರ್ಚಿನ ಚೀಟಿಯನ್ನೂ ಇಟ್ಟಿರುತ್ತೇನೆ. 2014ರ ಮಾರ್ಚ್ ತಿಂಗಳ ಒಂದು ಚೀಟಿ ಸಿಕ್ಕಿತು. ‘ಪಿಟ್ ಕ್ಲೀನಿಂಗ್, ಲೇಬರ್ 2, ರೂ. 3,500.’ ಯಂತ್ರ ಬಂದಿತ್ತೆಂದು ನಾನು ತಿಳಿದಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಏನನ್ನೂ ತಿಳಿದಿರಲಿಲ್ಲ, ಕೇಳಿರಲೂ ಇಲ್ಲ. ಚೀಟಿಯಲ್ಲಿ ಲೇಬರ್ 2 ಎಂದು ಬರೆದದ್ದನ್ನು ಓದಿ ದುಡ್ಡು ಕೊಟ್ಟಿದ್ದೆ.

ಈ ಸಭೆಯಲ್ಲಿ ಕಿರಿಯರಿದ್ದೀರಿ, ಅದಕ್ಕೆ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದು 1970ರ ದಶಕದಲ್ಲೇ, ದೇವರಾಜ ಅರಸರ ಸರಕಾರದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಿಷೇಧವಾಯಿತು. ಉಡುಪಿ ಪುರಸಭೆಯೂ ಡಾ. ವಿ.ಎಸ್. ಆಚಾರ್ಯರು ಅಧ್ಯಕ್ಷರಾಗಿದ್ದ ದಿನಗಳಲ್ಲಿ ಆ ಪದ್ಧತಿಯನ್ನು ಕೈಬಿಟ್ಟ ಊರು. ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದನ್ನು ಅಪರಾಧ ಮಾಡಿದ ಕೇಂದ್ರದ ಕಾಯ್ದೆ 2013ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ನನ್ನ ಚೀಟಿ ಅದಾಗಿ ಮೂರು ತಿಂಗಳಿನದು. ಆ ಕಾಯ್ದೆಯ ಸುತ್ತೋಲೆ ನಮ್ಮ ಕಚೇರಿಗೆ ಬಂದಾಗ ಸಹಿ ಹಾಕಿ ಕೆಳಗಿನ ಕಚೇರಿಗಳಿಗೆ ಕಳಿಸಿದವನು ನಾನು. ಟ್ಯಾಂಕಿನಲ್ಲಿ ಏನಿರುತ್ತದೆಂದು ನನಗೆ ಗೊತ್ತು. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ತಿಳಿಯದಂತಾಗುತ್ತದೆ. ವಾಸನೆ ಹೋಯಿತು ಎಂದು ಧೈರ್ಯವಾಗಿ ಕೆಳಗಿಳಿದವನು ಅಲ್ಲೇ ಬೀಳುತ್ತಾನೆ. ಆ ಹುಡುಗ ಹೊರಗೆ ಬಂದದ್ದು ಅವನ ಪುಣ್ಯ. ಅದರಲ್ಲಿ ನನ್ನ ಪಾಲಿಲ್ಲ.

ಅಂಗಳ ಗುಡಿಸುವ ಕಾಯಕದ ಶರಣೆ ಸತ್ಯಕ್ಕನ ಮೇಲೆ ನಾನು ಬಸವ ಜಯಂತಿಗಳಲ್ಲಿ ಎಷ್ಟು ಸಲ ಮಾತಾಡಿದ್ದೇನೋ ಲೆಕ್ಕವಿಲ್ಲ. ಅದೇ 2014ರ ಜಯಂತಿಗೂ ಮಾತಾಡಿದ್ದೆ. ಅಂದರೆ ಆ ಚೀಟಿಗೆ ದುಡ್ಡು ಕೊಟ್ಟು ಎರಡು ತಿಂಗಳೂ ಆಗಿರಲಿಲ್ಲ.

ಇನ್ನು ಕೆಲಸದ ಮಾತು. ಟ್ಯಾಂಕನ್ನು ಹೀರುವ ಯಂತ್ರದ ಲಾರಿ ತರಿಸಿ ಖಾಲಿ ಮಾಡಿಸಿದೆವು. ಯಾರೂ ಇಳಿಯಲಿಲ್ಲ. ಲಾರಿ ತಿರುಗಲು ಜಾಗ ಸಾಲದೆ ನಮ್ಮ ಕಾಂಪೌಂಡಿನ ಒಂದು ಮೂಲೆ ಒಡೆಯಬೇಕಾಯಿತು, ಒಡೆಸಿದೆ. ಇಂಗುಗುಂಡಿಯನ್ನು ಸುಣ್ಣ ಹಾಕಿ ಮಣ್ಣು ತುಂಬಿ ಮುಚ್ಚಿದೆವು. ಹೊಸದಾಗಿ ನೀರು ಸೋರದ ಕಾಂಕ್ರೀಟಿನ ಟ್ಯಾಂಕು ಕಟ್ಟಿಸಿ, ಶೌಚದ ನೀರನ್ನು ಮಾತ್ರ ಅದಕ್ಕೆ ಬಿಟ್ಟೆ. ಬಚ್ಚಲಿನ ನೀರು ಮನೆಯ ಇನ್ನೊಂದು ಬದಿಯ ಬಾಳೆ, ತೆಂಗಿಗೆ. ಇಬ್ಬರೇ ಇರುವ ಮನೆ, ದಿನಕ್ಕೆ ಎಂಬತ್ತು ಲೀಟರ್ ಎಂದು ಹಿಡಿದರೆ 5,000 ಲೀಟರಿನ ಟ್ಯಾಂಕು ಎರಡು ತಿಂಗಳಿಗೆ ತುಂಬುತ್ತದೆ. ವರ್ಷಕ್ಕೆ ಆರು ಸಲ ಲಾರಿ. ಖರ್ಚು ಇದೆ, ಇಲ್ಲವೆನ್ನುವುದಿಲ್ಲ. ಇಷ್ಟು ವರ್ಷ ಆ ಖರ್ಚನ್ನು ಅಕ್ಕನ ಬಾವಿ ಕೊಡುತ್ತಿತ್ತು.

ಮೇಲಿನ ಎರಡು ಮನೆಗಳಿಗೂ ಹೋಗಿ ಹೇಳಿದೆ. ಮಲ್ಲಿಗೆ ಕಟ್ಟುವವರ ಮನೆಯಲ್ಲಿ, “ನಮ್ಮದು ದೂರ ಉಂಟಲ್ವಾ ಸಾರ್?” ಎಂದರು. ಟೇಪು ಹಿಡಿದರೆ 24 ಮೀಟರ್. ಮಾನಕದ ಪ್ರಕಾರ ಅವರ ತಪ್ಪಿಲ್ಲ. ಆದರೂ ಈ ವರ್ಷದ ಹೂವಿನ ಹಂಗಾಮು ಮುಗಿದ ಮೇಲೆ ಮಾಡಿಸುವೆವು ಎಂದಿದ್ದಾರೆ. ಇನ್ನೊಂದು ಮನೆಯವರು ಬಾಡಿಗೆಗೆ ಕೊಟ್ಟು ಹೊರದೇಶದಲ್ಲಿದ್ದಾರೆ. ಎರಡು ಪತ್ರ ಬರೆದೆ, ಉತ್ತರವಿಲ್ಲ.

ಅಕ್ಕನ ಬಾವಿಯನ್ನು ಪಂಪು ಇಟ್ಟು ಖಾಲಿ ಮಾಡಿ, ಗೋಡೆ ಉಜ್ಜಿಸಿ, ಬ್ಲೀಚಿಂಗ್ ಪುಡಿ ಹಾಕಿದೆವು. ತಿಂಗಳು ಬಿಟ್ಟು ಪರೀಕ್ಷಿಸಿದರೆ ಬಾಟಲಿ ಮತ್ತೆ ಕಪ್ಪು. ತೂತುಗಲ್ಲು ಹದಿನೈದು ವರ್ಷ ಹೀರಿದ್ದನ್ನು ಒಂದು ತಿಂಗಳಲ್ಲಿ ಬಿಡುತ್ತದೆಯೇ? ಜನವರಿಯಲ್ಲಿ ಬೂದು ಬಣ್ಣ. ಈ ಏಪ್ರಿಲ್‌ನಲ್ಲಿ ಎರಡು ದಿನ ಇಟ್ಟರೂ ಬಣ್ಣ ಬದಲಾಗಲಿಲ್ಲ. ಅಕ್ಕ ಮಾತ್ರ ಇನ್ನೂ ಕುಡಿಯಲು ಒಪ್ಪಿಲ್ಲ. “ಒಂದು ಮಳೆಗಾಲ ಹೋಗ್ಲಿ, ಮತ್ತೆ ನೋಡುವ” ಎಂದಿದ್ದಾರೆ. ಸರಿಯಾದ ಮಾತು. ವಾಸನೆ ಬರುತ್ತಿದ್ದದ್ದು ಮಳೆಗಾಲದಲ್ಲೇ. ನಾನು ಇಲ್ಲಿಗೆ ಹೊರಡುವ ದಿನ ಹೊಸ ಬಾಟಲಿ ತುಂಬಿಟ್ಟು ಬಂದಿದ್ದೇನೆ. ನಮ್ಮ ಮನೆಯವರು ನೋಡುತ್ತಿದ್ದಾರೆ.

ಕಡೆಯದಾಗಿ ಒಂದು ವಿನಂತಿ ಇದೆ, ಅದಕ್ಕೇ ಈ ವಿಷಯವನ್ನು ಇಲ್ಲಿಯೇ ಎತ್ತಿದೆ. ಆ ಹುಡುಗನನ್ನು ಹುಡುಕುತ್ತಿದ್ದೇನೆ. ಕಂತ್ರಾಟುದಾರ ತೀರಿಹೋಗಿದ್ದಾನೆ. ಉಡುಪಿ, ಮಣಿಪಾಲದಲ್ಲಿ ಬೆಳಿಗ್ಗೆ ಕೂಲಿಗೆ ನಿಲ್ಲುವ ಜಾಗಗಳಿಗೆ ಹೋಗಿ ವಿಚಾರಿಸಿದೆ. ಅಲ್ಲಿ ನಿಂತವರಲ್ಲಿ ಬಾಗಲಕೋಟೆ, ಕೊಪ್ಪಳ, ಗದಗ, ರಾಯಚೂರು ಕಡೆಯ ಮಂದಿ ಬಹಳ. ನಮ್ಮ ಊರಿನ ಹೆಸರು ಹೇಳಿದರೆ ಮಾತಾಡಿಸುತ್ತಾರೆ, ಟ್ಯಾಂಕಿನ ಮಾತೆತ್ತಿದರೆ ದೂರ ಸರಿಯುತ್ತಾರೆ. ಅಕ್ಕನಿಗೆ ಹೆಸರು ನೆನಪಿಲ್ಲ. ಆಗ ಇಪ್ಪತ್ತರ ಆಸುಪಾಸು, ಎತ್ತರದವನು, ಎಡಗೈಯ ಕಿರುಬೆರಳು ಮೊಂಡು, ತಂಗಿಯ ಮದುವೆಯ ಸಾಲದ ಮಾತಾಡಿದ್ದನಂತೆ. ಈಗ ಮೂವತ್ತು ದಾಟಿರಬೇಕು. ಈ ಸೀಮೆಯಿಂದ ಮಂಗಳೂರು ಉಡುಪಿ ಕಡೆ ದುಡಿಯಲು ಹೋದ ಹುಡುಗರು ನಿಮ್ಮ ಓಣಿಗಳಲ್ಲಿ ಬಹಳ ಜನ ಇದ್ದಾರೆ. ಯಾರಿಗಾದರೂ ಗುರುತು ಹತ್ತಿದರೆ ಮಠದ ಕಚೇರಿಯಲ್ಲಿ ಹೇಳಿ, ಅಲ್ಲಿ ನನ್ನ ಫೋನ್ ನಂಬರು ಕೊಟ್ಟಿದ್ದೇನೆ. ಅವನು ಬರಬೇಕಾಗಿಲ್ಲ, ಅವನಿರುವ ಕಡೆಗೆ ನಾನೇ ಹೋಗುತ್ತೇನೆ.